ಮಣ್ಣಿನ ತಕರಾರಿಲ್ಲ

ಸುಮ್ಮನಿದ್ದವರೆಲ್ಲ ಒಪ್ಪಿದವರು ಎಂದು ಮೊದಲು ಬರೆದವನು ಯಾರೋ, ಅವನ ಕೈಗೆ ಕಜ್ಜಿ ಹತ್ತಲಿ. ನಮ್ಮೂರ ಪುರಸಭೆಯ ನಿಯಮದ ಪುಸ್ತಕದಲ್ಲಿ ಆ ಮಾತು ಅಚ್ಚಾಗಿದೆ: ಜಾಗ ಕೊಳ್ಳುವವನು ಬರಿಗಾಲಲ್ಲಿ ನಿಂತಾಗ ಮಣ್ಣು ವಾಸನೆ ಬಿಡದಿದ್ದರೆ ಮಣ್ಣಿನ ತಕರಾರಿಲ್ಲವೆಂದು ತಿಳಿಯತಕ್ಕದ್ದು. ತಿಳಿಯತಕ್ಕದ್ದಂತೆ! ಬಾಯಿ ಹೊಲಿದು ನಿಲ್ಲಿಸಿದವನ ಬಗ್ಗೆಯೂ ಹಾಗೇ ತಿಳಿಯಬಹುದಲ್ಲ. ನಾನು ಮಂಡಕ್ಕಿ ಭಟ್ಟಿಯ ಫಕ್ಕೀರವ್ವ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ಕಾಯ್ದೆ ಕಾನೂನು ನನಗೆ ತಿಳಿಯದು. ಆದರೆ ಈ ಒಂದು ಸಾಲಿನಿಂದ ನನಗೆ ಏನಾಯಿತು ಎಂಬುದನ್ನು ಹೇಳದೆ ಬಿಡುವವಳಲ್ಲ.

ನಮ್ಮೂರ ಶಾಲೆಯಲ್ಲಿ ಅಕ್ಷರಕ್ಕಿಂತ ಮೊದಲು ಮಣ್ಣಿನ ಪಾಠ. ಅಕ್ಕೋರು ಅಂಗಳದಿಂದ ಒಂದು ಹಿಡಿ ಮಣ್ಣು ತಂದು ಮೇಜಿನ ಮೇಲಿಟ್ಟು ಹೇಳುತ್ತಿದ್ದರು. ಇದರೊಳಗೆ ಕಣ್ಣಿಗೆ ಕಾಣದ ಜೀವಗಳು ಲೆಕ್ಕವಿಲ್ಲದಷ್ಟಿವೆ. ಅವನ್ನು ಮೇಯುವುದಕ್ಕೆ ಅವಕ್ಕಿಂತ ತುಸು ದೊಡ್ಡವು, ನೂಲಿನ ಎಳೆಯಂಥ ಹುಳಗಳು, ಒಳಗೊಳಗೇ ಹರಿದಾಡುತ್ತವೆ. ಸಣ್ಣವಕ್ಕೆ ಓಡಲು ಕಾಲಿಲ್ಲ, ಕೂಗಲು ಬಾಯಿಲ್ಲ. ತಿನ್ನುವವನ ಮೈಯಿಂದ ಸೋರುವ ವಾಸನೆ ತಮಗೆ ತಾಗಿದ ಕೂಡಲೇ ಅವು ತಮ್ಮದೊಂದು ವಾಸನೆ ಬಿಡುತ್ತವೆ. ನಾನು ಕಹಿ, ನನ್ನ ತಂಟೆಗೆ ಬರಬೇಡ ಎಂಬುದು ಅದರ ಅರ್ಥ. ಪಕ್ಕದವು ಆ ವಾಸನೆ ಹಿಡಿದು ತಾವೂ ಬಿಡುತ್ತವೆ, ಹೀಗೆ ಒಂದು ಮೂಲೆಯ ಸುದ್ದಿ ಇನ್ನೊಂದು ಮೂಲೆಗೆ ಹೋಗುತ್ತದೆ. ಇಷ್ಟೆಲ್ಲ ಯಾವ ಊರಿನ ಮಣ್ಣಿನಲ್ಲೂ ನಡೆಯುವುದೇ. ನಮ್ಮೂರ ಮಣ್ಣು ಮನುಷ್ಯರನ್ನೂ ತಿನ್ನುವವರ ಸಾಲಿಗೆ ಸೇರಿಸಿಕೊಂಡಿದೆ. ಯಾಕೆ ಸೇರಿಸಿಕೊಂಡಿತು ಎಂದು ನಾವು ಕೇಳಲು ಹೋಗಿಲ್ಲ. ಕೇಳುವ ಮುಖವಾದರೂ ನಮಗಿರಬೇಕಲ್ಲ.

ಆ ವಾಸನೆಗೆ ನಾವು ಕಮಟು ಎನ್ನುತ್ತೇವೆ. ಹಾಗಲಕಾಯಿ ಹೆಚ್ಚಿದ ಕೈಯನ್ನು ಹಳೇ ಬಾವಿಯ ಗೋಡೆಗೆ ಒರೆಸಿದರೆ ಹೇಗಿರುತ್ತದೋ ಹಾಗೆ. ಕೋಳಿ ಕೆದರಿದರೆ ಚೂರೇ ಚೂರು ಬರುತ್ತದೆ. ಮಣ್ಣು ತಿನ್ನುವ ಕೂಸು ಯಾವ ಮೂಲೆಯಲ್ಲಿ ಕೂತಿದೆ ಎಂಬುದನ್ನು ತಾಯಂದಿರು ಒಲೆಯ ಮುಂದೆ ಕೂತೇ ಹೇಳುತ್ತಾರೆ. ಬಾಡಿಗೆ ಕೇಳಿಕೊಂಡು ಬಂದವರನ್ನು ಅಂಗಳದಲ್ಲಿ ಚಪ್ಪಲಿ ಬಿಡಿಸಿ, ಚಹಾ ಕೊಟ್ಟು, ಅರ್ಧ ಗಂಟೆ ಊರ ಸುದ್ದಿ ಮಾತಾಡಿಸುವುದು ನಮ್ಮಲ್ಲಿ ಮರ್ಯಾದೆ. ಕಾರಣ ಇಬ್ಬರಿಗೂ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಜಾಗ ಮಾರುವಾಗ ಮಾತ್ರ ಮೂರು ಮೂಗು ಬೇಕು. ಒಂದು ಹಿರಿಯರದು, ಒಂದು ಪರ ಊರಿನವರದು, ಇನ್ನೊಂದು ಬಸುರಿಯದು. ಹಿಂದೆ ಯಾರೋ ಕಾಲಿಗೆ ಅತ್ತರು ಬಳಿದುಕೊಂಡು ಬಂದಿದ್ದನಂತೆ. ಆಮೇಲಿಂದ ಮೂವರ ಎದುರಿಗೇ ಬರೀ ನೀರಿನಲ್ಲಿ ಕಾಲು ತೊಳೆಯಬೇಕು ಎಂದಾಯಿತು. ಕೊಳ್ಳುವವನು ಆ ಜಾಗಕ್ಕೇ ಹೋಗಿ ನಿಲ್ಲಬೇಕಿತ್ತು. ದೊಡ್ಡವರಿಗೆ ಬಿಸಿಲು ತಾಗುತ್ತದೆ ಎಂದು ಹತ್ತು ವರ್ಷದ ಕೆಳಗೆ ಅದನ್ನೂ ತಿದ್ದಿದರು. ಈಗ ಜಾಗದ ಮಣ್ಣನ್ನೇ ಹರಿವಾಣದಲ್ಲಿ ತುಂಬಿ ಪುರಸಭೆಗೆ ತರುತ್ತಾರೆ, ದೊಡ್ಡವರು ಫ್ಯಾನಿನ ಕೆಳಗೆ ಅದರಲ್ಲಿ ನಿಲ್ಲುತ್ತಾರೆ. ಎರಡು ಗುಂಟೆ ಕೊಳ್ಳುವ ಬಡವ ಮಾತ್ರ ಇವತ್ತಿಗೂ ಜಾಗದಲ್ಲೇ ನಿಲ್ಲಬೇಕು. ನಮ್ಮ ತಲೆಗೆ ಬಿಸಿಲು ಹತ್ತುವುದಿಲ್ಲವಲ್ಲ!

ಊರ ಮುಂದೆ ರಸ್ತೆಗೆ ಹತ್ತಿಕೊಂಡು ಒಂದು ಬಯಲಿದೆ. ಪುರಸಭೆಯದು ಎನ್ನುತ್ತಾರೆ, ಆದರೆ ಅದನ್ನು ಬಯಲು ಮಾಡಿದವರು ನಾವು, ಹನ್ನೊಂದು ಭಟ್ಟಿಯ ಹೆಂಗಸರು. ಮಂಡಕ್ಕಿಗೆ ಭತ್ತ ನೆನೆಸಬೇಕು, ಬೇಯಿಸಬೇಕು, ಆಮೇಲೆ ಒಣಗಿಸಬೇಕು. ಒಣಗುವುದರಲ್ಲೇ ಇದೆ ಗುಟ್ಟು. ಸೂರ್ಯ ಏರುತ್ತಿದ್ದಂತೆ ಬಯಲ ತುಂಬ ಭತ್ತ ಹರವಿ, ಬರಿಗಾಲನ್ನು ನೆಲಕ್ಕೆ ಎಳೆಯುತ್ತಾ, ಸಾಲು ಬಿಡಿಸುತ್ತಾ, ಆ ತುದಿಯಿಂದ ಈ ತುದಿಗೆ ನಡೆಯುತ್ತೇವೆ. ಕೈಯಿಂದ ತಿರುವಿದರೆ ಭತ್ತ ಒಂದೇ ಸಮ ಒಣಗುವುದಿಲ್ಲ. ಸಮ ಒಣಗದ ಭತ್ತದ ಮಂಡಕ್ಕಿ ಅರಳುವುದಿಲ್ಲ, ಹಲ್ಲಿಗೆ ಕಲ್ಲಿನ ಹಾಗೆ ಸಿಗುತ್ತದೆ. ನಮ್ಮ ಅಜ್ಜಿಯರ ಕಾಲದಿಂದ ನಡೆದು ನಡೆದು ಆ ನೆಲ ಸಪಾಟಾಗಿದೆ. ಒಂದು ದಿನವೂ ನಮ್ಮ ಕಾಲಿಗೆ ಅದು ಕಮಟು ಬಿಟ್ಟಿರಲಿಲ್ಲ. ಬಿಟ್ಟರೆ ಅಲ್ಲಿಗೆ ಮುಗಿಯಿತು, ಯಾಕೆಂದರೆ ಹಸಿ ಭತ್ತ ವಾಸನೆ ಹೀರುತ್ತದೆ, ಆ ಮಂಡಕ್ಕಿಯನ್ನು ನಾಯಿಯೂ ಮೂಸುವುದಿಲ್ಲ.

ಆ ಬಯಲಿನ ಮೇಲೆ ಉಮಾಪತೆಪ್ಪನ ಕಣ್ಣು ಬಿತ್ತು. ಉಮಾಪತೆಪ್ಪನೆಂದರೆ ಪುರಸಭೆ ಅಧ್ಯಕ್ಷ ಶಾಂತವೀರಪ್ಪನವರ ಬೀಗರು. ಇವರ ಮಗಳನ್ನು ಅವರ ಮಗನಿಗೆ ಕೊಟ್ಟಿದೆ. ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಿಸುತ್ತೇನೆ ಎಂದರು. ಊರಿಗೆ ಕಲ್ಯಾಣ ಮಂಟಪ ಬೇಡ ಎನ್ನುವ ಗಟ್ಟಿತನ ಯಾರಿಗಿದೆ? ನಾನೂ ಬೇಡ ಅನ್ನಲಿಲ್ಲ. ಬಸ್ ನಿಲ್ದಾಣದ ಹಿಂದೆ ಎಂಟು ಎಕರೆ ಕಲ್ಲುನೆಲ ಹಾಳು ಬಿದ್ದಿದೆ, ಅಲ್ಲಿ ಕಟ್ಟಲಿ ಎಂದೆ. ಅದನ್ನು ಸಪಾಟು ಮಾಡಿಸಲು ಖರ್ಚಾಗುತ್ತದಂತೆ. ನಮ್ಮ ಕಾಲಿನ ಕೆಲಸ ಅವರಿಗೆ ಪುಕ್ಕಟೆ ಬಂದಿತ್ತು.

ಭಟ್ಟಿಯವರಿಗೆಲ್ಲ ಗಾಬರಿ. ಹನ್ನೊಂದು ಭಟ್ಟಿಗೂ ಒಣಗಿಸಲು ಬೇರೆ ಜಾಗವಿಲ್ಲ. ಬಯಲು ಹೋದರೆ ಭಟ್ಟಿ ಹೋಯಿತು. ನನ್ನ ಪಕ್ಕದ ಭಟ್ಟಿಯ ಮಾಬೂಬಕ್ಕ ಒಬ್ಬಳೇ ಹೆದರಲಿಲ್ಲ. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು, ನನಗೆ ಬಾಣಲೆ ತಿರುವುವ ಹುಟ್ಟು ಹಿಡಿಯಲು ಕಲಿಸಿದವಳು.

"ಅಂವ ಬಂದು ಕಾಲಿಡ್ಲಿ ತಡೀರೆ," ಎಂದಳು. "ನಾವ್ಯಾಕ ಬಾಯಿ ಹರಕೋಬೇಕು? ಮಣ್ಣು ತಾನ ಹೇಳ್ತೈತಿ."

ನಾವೂ ಅದನ್ನೇ ನಂಬಿ ಸುಮ್ಮನಾದೆವು.

ಮಂಗಳವಾರ ಹೊತ್ತೇರುವ ಸಮಯಕ್ಕೆ ಪುರಸಭೆಯ ಜವಾನ ಯಮನೂರಪ್ಪ ಸೈಕಲ್ಲಿನ ಹಿಂದೆ ಒಂದು ಚೀಲ ಕಟ್ಟಿಕೊಂಡು ನನ್ನ ಭಟ್ಟಿಗೆ ಬಂದ.

"ಯಕ್ಕಾ, ಅಧ್ಯಕ್ಷರ ಮನೀ ಹೂವಿನ ಕುಂಡದ ಮಣ್ಣು. ಗೆದ್ದಲ ಹತ್ತೈತಿ. ನಿನ್ನ ಬಾಣಲ್ಯಾಗ ಒಂದೀಟು ಹುರಿದು ಕೊಡು."

"ನನ್ನ ಬಾಣಲಿ ಮಂಡಕ್ಕೀಗಿ ಐತೋ, ಗೆದ್ದಲಕ್ಕೋ?" ಎಂದೆ.

"ಮರಳು ಹುರೀತಿ, ಮಣ್ಣು ಹುರಿಯಾಕ ಏನು ದಾಡಿ? ಭತ್ತದ ಹೊಟ್ಟಿನ ಬೆಂಕಿ ಹೆಂಗೂ ಉರಿಯಾಕ ಹತ್ತೈತಿ."

ಗೆದ್ದಲು ಹತ್ತಿದ ಕುಂಡದ ಮಣ್ಣನ್ನು ಹುರಿಯುವುದು ಹೊಸದೇನಲ್ಲ. ಅಧ್ಯಕ್ಷರ ಮನೆಯ ಕೆಲಸವೆಂದರೆ ಇಲ್ಲ ಎನ್ನುವ ಧೈರ್ಯ ಭಟ್ಟಿಯವರಿಗೆ ಎಲ್ಲಿಂದ ಬರಬೇಕು, ಪ್ರತಿ ವರ್ಷ ಲೈಸೆನ್ಸಿಗೆ ಅವರ ಮುಂದೆಯೇ ಕೈಕಟ್ಟಿ ನಿಲ್ಲುವುದು. ಮರಳು ಇಳಿಸಿ ಮಣ್ಣು ಸುರಿದೆ. ಹುಟ್ಟಿನಿಂದ ಎರಡು ಸುತ್ತು ತಿರುವಿದ್ದೇ ತಡ, ಕಮಟು ಎದ್ದಿತು. ಎಂಥ ಕಮಟು! ಹುಟ್ಟಿದಾಗಿನಿಂದ ಈ ಊರಲ್ಲಿದ್ದೇನೆ, ಅಷ್ಟು ವಾಸನೆ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ನಾನು ಸೆರಗನ್ನು ಮೂಗಿಗೆ ಬಿಗಿದುಕೊಂಡು ತಿರುವುತ್ತಲೇ ಇದ್ದೆ. ಮಂಡಕ್ಕಿಯವರ ಕೈ ನಿಲ್ಲುವುದಿಲ್ಲ. ನಿಂತರೆ ಹೊತ್ತುತ್ತದೆ ಎಂದು ಚಿಕ್ಕಂದಿನಿಂದ ಹೊಡೆಸಿಕೊಂಡು ಕಲಿತ ಕೈ ಅದು. ಬಾಣಲೆಯಲ್ಲಿ ಏನಿದೆ ಎಂದು ಕೈ ಕೇಳುವುದಿಲ್ಲ. ಮಣ್ಣಿನ ನಡುವೆ ನಾಲ್ಕು ಭತ್ತದ ಕಾಳು ಸಿಡಿದು ಬೆಳ್ಳಗೆ ಬಾಯಿ ಬಿಟ್ಟವು. ಹೂವಿನ ಕುಂಡದಲ್ಲಿ ಭತ್ತ ಎಲ್ಲಿಂದ ಬಂತು? ಗುಬ್ಬಿ ತಂದು ಹಾಕಿರಬೇಕು ಎಂದುಕೊಂಡೆ. ಅಂಥ ಜಾಣೆ ನಾನು. ಸ್ವಲ್ಪ ಹೊತ್ತಿಗೆ ಕಮಟು ಇಳಿಯಿತು, ಆಮೇಲೆ ಪೂರ್ತಿ ನಿಂತಿತು. ಚೀಲ ತುಂಬಿ ಕೊಟ್ಟೆ. ಯಮನೂರಪ್ಪ ಹೋಗುವಾಗ ಒಂದು ಹಿಡಿ ಮಂಡಕ್ಕಿ ಬಾಯಿಗೆ ಎಸೆದುಕೊಂಡು ಹೋದ. ನನ್ನ ಭತ್ತ ಸೋಮವಾರವೇ ಒಣಗಿ ಮುಗಿದಿತ್ತು, ಆಮೇಲಿನ ದಿನಗಳೆಲ್ಲ ಹುರಿಯುವುದರಲ್ಲೇ ಕಳೆದವು, ಬಯಲಿಗೆ ಇಳಿಯಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಪುರಸಭೆಯಲ್ಲಿ ಪರೀಕ್ಷೆ. ಭಟ್ಟಿಗಳಿಗೆಲ್ಲ ಬಾಗಿಲು ಹಾಕಿ ನಾವು ಹೋಗಿ ಗೋಡೆಗೆ ಆತು ನಿಂತೆವು. ಹಿರಿಯರ ಮೂಗು ಎಂದು ರಿಟೈರಾದ ಪೋಸ್ಟ್‌ಮಾಸ್ತರ ಗದಿಗೆಪ್ಪಜ್ಜನನ್ನು ಕರೆಸಿದ್ದರು. ಪರ ಊರಿನ ಮೂಗು ಒಬ್ಬ ಬಸ್ ಕಂಡಕ್ಟರನದು, ಬಸ್ಸು ಹೊರಡುವುದರೊಳಗೆ ಮುಗಿಸಿರಿ ಎಂದು ಗಡಿಯಾರ ನೋಡುತ್ತಿದ್ದ. ಬಸುರಿ ಎಂದರೆ ಟೇಲರ್ ಅಂಗಡಿಯ ದಾಕ್ಷಾಯಣಿ, ಏಳು ತಿಂಗಳು ತುಂಬಿದವಳು. ಹರಿವಾಣದ ತುಂಬ ಮಣ್ಣು ತಂದಿಟ್ಟರು. ಉಮಾಪತೆಪ್ಪ ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು, ತಂಬಿಗೆ ನೀರಿನಲ್ಲಿ ಕಾಲು ತೊಳೆದರು. ಬೆಳ್ಳಗಿನ ಮೆತ್ತನೆ ಕಾಲು, ನೆಲ ಕಂಡು ಎಷ್ಟು ಕಾಲವಾಗಿತ್ತೋ. ಹರಿವಾಣದಲ್ಲಿ ನಿಂತು ಕೈ ಮುಗಿದರು.

ನಾವು ಕಾದೆವು. ಮಾಬೂಬಕ್ಕ ಕಣ್ಣು ಮುಚ್ಚಿ ಉಸಿರೆಳೆದಳು. ಏನೂ ಬರಲಿಲ್ಲ. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು, ಏನೆಂದರೆ ಏನೂ ಇಲ್ಲ. ನಮ್ಮವರ ಮುಖಗಳು ಒಂದೊಂದಾಗಿ ಇಳಿದವು.

ಕಂಡಕ್ಟರ ಇಲ್ಲ ಎಂದು ತಲೆಯಾಡಿಸಿದ. ಗದಿಗೆಪ್ಪಜ್ಜ ಬಗ್ಗಿ ಮೂಸಿ, ಕನ್ನಡಕ ಸರಿಮಾಡಿಕೊಂಡು, ಮತ್ತೊಮ್ಮೆ ಮೂಸಿ, "ನನಗೇನೂ ಹತ್ತವಲ್ದು," ಎಂದ. ದಾಕ್ಷಾಯಣಿ ಮಾತ್ರ ಹುಬ್ಬು ಗಂಟಿಕ್ಕಿ ನಿಂತಳು.

"ಕಮಟು ಇಲ್ರಿ," ಎಂದಳು. "ಆದ್ರ ಮಂಡಕ್ಕಿ ವಾಸನಿ ಬರಾಕ ಹತ್ತೈತಿ. ಈಗ ಬಾಣಲಿಯಿಂದ ಇಳಿಸಿದ್ದು ಇರ್ತೈತಲ್ರಿ, ಹಂಗ."

ಇಡೀ ಕೋಣೆ ನಕ್ಕಿತು. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಸುರಿ ಬಯಕಿ, ಯಾರರ ಒಂದು ಸೇರು ಮಂಡಕ್ಕಿ ತರಸ್ರೆಪಾ," ಎಂದರು. ಗುಮಾಸ್ತ ನಗುತ್ತಲೇ ದಪ್ಪ ಪುಸ್ತಕದಲ್ಲಿ ಬರೆದುಕೊಂಡ, ಮಣ್ಣಿನ ತಕರಾರಿಲ್ಲ.

ನನಗೆ ನಗು ಬರಲಿಲ್ಲ. ಆ ನಾಲ್ಕು ಭತ್ತದ ಕಾಳು ಕಣ್ಣ ಮುಂದೆ ಬಂದವು. ಕುಂಡದ ಮಣ್ಣಲ್ಲ ಅದು, ನಮ್ಮ ಬಯಲಿನ ಮಣ್ಣು. ತಕರಾರು ಮಾಡುವ ಜೀವವನ್ನೇ ಹುರಿದು ಕೊಂದು, ಈಗ ತಕರಾರಿಲ್ಲ ಎಂದು ಬರೆದುಕೊಳ್ಳುತ್ತಿದ್ದಾರೆ. ಕೊಲ್ಲಿಸಿದ್ದು ಯಾರ ಕೈಯಿಂದ? ನನ್ನ ಕೈಯಿಂದ. ನನ್ನ ಬಾಣಲೆಯಲ್ಲಿ, ನನ್ನ ಬೆಂಕಿಯಲ್ಲಿ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಇವರು ಮೇಯುವುದಕ್ಕೆ ನನ್ನನ್ನು ಕುಡುಗೋಲು ಮಾಡಿಕೊಂಡಿದ್ದರು.

"ಆ ಮಣ್ಣು ಹುರದದ್ದೈತಿ," ಎಂದು ಕೂಗಿದೆ. "ಹುರಿದೋಳು ನಾನ. ಮಂಗಳವಾರ ಯಮನೂರಪ್ಪ ತಂದು ಕೊಟ್ಟ. ಸತ್ತ ಮಣ್ಣಿನ್ಯಾಗ ನಿಂತಾರ ಅವರು!"

ನಗು ನಿಂತಿತು. ಯಮನೂರಪ್ಪ ತಂಬಿಗೆಯ ತಳವನ್ನು ನೋಡುತ್ತಾ, "ನಾ ಕೊಟ್ಟಿದ್ದು ಕುಂಡದ ಮಣ್ರಿ," ಎಂದ.

"ಒಂದು ಕೋಳಿ ತರಸ್ರಿ," ಎಂದೆ. "ಹರಿವಾಣದಾಗ ಕೆದರ್ಲಿ. ಕೋಳೀಗಿ ಸುದ್ದಾ ಕಮಟು ಬರ್ತೈತಿ ನಮ್ಮೂರಾಗ. ಇಲ್ಲಿ ಬಂದ್ರ ನನ್ನ ನಾಲಿಗಿ ಕೊಯ್ರಿ."

"ಪುರಸಭಿ ಅಂದ್ರ ಕೋಳಿ ಗೂಡೇನು?" ಅಧ್ಯಕ್ಷರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿರುತ್ತಿತ್ತು. ಮೆತ್ತಗೆ ಕೇಳಿದರು. "ಫಕ್ಕೀರವ್ವ, ಊರ ಮಣ್ಣು ಹುರಿಯೋದು ಅಪರಾಧ, ಗೊತ್ತೈತಿಲ್ಲೋ? ಹೌದು, ನಾನ ಹುರಿದೀನಿ ಅಂತಿದ್ರ ಹೇಳು, ಬರ್ಕೋತೀವಿ. ಇವತ್ತ ನಿನ್ನ ಭಟ್ಟೀಗಿ ಬೀಗ ಬೀಳ್ತೈತಿ. ಇಲ್ಲಾ, ತಪ್ಪಿ ಅಂದೆ ಅನ್ನು, ಮನೀಗಿ ಹೋಗು."

ಎಲ್ಲರೂ ನನ್ನನ್ನೇ ನೋಡಿದರು. ನಮ್ಮ ಭಟ್ಟಿಯ ಹೆಂಗಸರೂ ನೋಡಿದರು, ಅವರ ಕಣ್ಣು ಅಧ್ಯಕ್ಷರ ಕಣ್ಣಿಗಿಂತ ಕಷ್ಟವಾಗಿತ್ತು. "ಬರ್ಕೋರಿ," ಎಂದೆ. ಗುಮಾಸ್ತ ಪೆನ್ನು ಎತ್ತಿದ.

ಆಗ ಗದಿಗೆಪ್ಪಜ್ಜ ಕೆಮ್ಮಿದ. ನಲವತ್ತು ವರ್ಷ ಅಂಚೆಯ ಮುದ್ರೆ ಒತ್ತಿದ ಮುದುಕ, ಒತ್ತುವ ಮೊದಲು ಎರಡು ಸಲ ವಿಳಾಸ ಓದುವವನು. "ಮೂಗು ಮೂಸೇತಿ, ಸಹಿ ನಾ ಇನ್ನೂ ಹಾಕಿಲ್ಲ," ಎಂದ. "ಈ ಹೆಣ್ಮಗಳು ಇಷ್ಟು ಅಂದ ಮ್ಯಾಲ ನಾ ಬಯಲ ಮಣ್ಣು ಮೂಸದ ಹಾಕಾಂವಲ್ಲ. ನಡೀರಿ, ಎಷ್ಟರ ದೂರ ಐತಿ?"

ಮೂರು ಮೂಗಿನವರ ಸಹಿಯೂ ಇಲ್ಲದೆ ಕಾಗದ ಮುಂದೆ ಹೋಗುವುದಿಲ್ಲ. ಅಷ್ಟು ಜನರ ಮುಂದೆ ಮುದುಕನಿಗೆ ಬೇಡ ಎನ್ನುವಂತಿರಲಿಲ್ಲ. ಅಧ್ಯಕ್ಷರು ಕೊಡೆ ತರಿಸಿದರು. ಉಮಾಪತೆಪ್ಪ ಕಾಲು ಒರೆಸಿಕೊಂಡು ಬೂಟು ಹಾಕಿಕೊಂಡರು. ಮೆರವಣಿಗೆ ಹೊರಟಿತು.

ದಾರಿಯಲ್ಲಿ ಮಾಬೂಬಕ್ಕ ನನ್ನ ಪಕ್ಕಕ್ಕೆ ಬಂದಳು.

"ಹುರಿಯೋವಾಗ ಕಮಟು ಬಂತ?" ಎಂದು ಕೇಳಿದಳು.

"ಬಂತು."

"ಭಾಳ?"

"ಭಾಳ ಅಂದ್ರ ಭಾಳ. ಸೆರಗಿಲೆ ಮೂಗು ಕಟ್ಕೊಂಡೆ."

"ಕಟ್ಕೊಂಡು ಹುರಿದಿ."

ಅವಳು ನನ್ನನ್ನು ಬಿಟ್ಟು ಮುಂದೆ ನಡೆದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಬಯಲಿನಲ್ಲಿ ಬೆಳಿಗ್ಗೆ ಹರವಿದ ಭತ್ತ ಅರ್ಧ ಒಣಗಿತ್ತು. ಜನ ಅಂಚಿನಲ್ಲಿ ಸಾಲಾಗಿ ನಿಂತರು. ನನ್ನ ಲೆಕ್ಕ ಸರಳವಾಗಿತ್ತು. ಮೊದಲು ನಾನು ಬರಿಗಾಲಲ್ಲಿ ನಡೆಯುವುದು, ಮಣ್ಣು ಸುಮ್ಮನಿರುತ್ತದೆ. ಆಮೇಲೆ ಉಮಾಪತೆಪ್ಪ ನಡೆಯುವುದು, ಮಣ್ಣು ಹೇಳುವುದನ್ನು ಹೇಳುತ್ತದೆ. ಹಾಲು ಯಾವುದು ನೀರು ಯಾವುದು ಎಂದು ಮೂವರೂ ಮೂಸಿ ನೋಡಲಿ. ಚಪ್ಪಲಿ ಬಿಟ್ಟೆ. ಜಂಬದಿಂದಲೇ ಬಿಟ್ಟೆ, ಸುಳ್ಳೇಕೆ ಹೇಳಲಿ.

"ನೋಡ್ರಿ," ಎಂದೆ. "ನಡಿಯಾಕ ಕಲಿತದ್ದ ಈ ನೆಲದ ಮ್ಯಾಲ ನಾನು. ಈ ಮಣ್ಣಿಗೆ ನನ್ನ ಕಾಲು ಗೊತ್ತೈತಿ."

ಒಂದು ಹೆಜ್ಜೆ ಇಟ್ಟೆ, ಎರಡಿಟ್ಟೆ. ಮೂರನೆಯದು ಊರುವಷ್ಟರಲ್ಲಿ ಕಮಟು ಎದ್ದಿತು.

ಮೊದಲು ನನಗೆ ಅರ್ಥವಾಗಲಿಲ್ಲ. ಯಾರು ಬಂದರು ಎಂದು ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ. ನನ್ನ ಹಿಮ್ಮಡಿಯ ಕೆಳಗಿನಿಂದ, ಬೆರಳ ಸಂದಿಯಿಂದ, ಅದೇ ವಾಸನೆ, ಬಾಣಲೆಯಿಂದ ಎದ್ದಿದ್ದ ಅದೇ ವಾಸನೆ. ಹೆಜ್ಜೆ ಬದಲಿಸಿದೆ, ಅಲ್ಲೂ ಎದ್ದಿತು. ಅದು ನನ್ನ ಮುಂದೆ ಮುಂದೆ ಓಡುತ್ತಿತ್ತು, ನಾನು ಕಾಲಿಡದ ಕಡೆಯೂ ಬಯಲು ಹೊಗೆಯಾಡಿದಂತೆ ಕಮಟು ಬಿಡತೊಡಗಿತು. ದಾಕ್ಷಾಯಣಿ ಬಾಯಿಗೆ ಕೈ ಅಡ್ಡ ಹಿಡಿದು ಹಿಂದಕ್ಕೆ ಸರಿದಳು. ನಮ್ಮ ಹೆಂಗಸರು ಓಡಿ ಬಂದು ಹತ್ತಿರದ ಭತ್ತವನ್ನು ಗುಡಿಸಿ ದೂರ ಎಳೆದರು.

"ಆತಲ್ಲ," ಎಂದರು ಅಧ್ಯಕ್ಷರು. ಕೊಡೆಯ ಕೆಳಗೆ ಅವರ ಮುಖ ಅರಳಿತ್ತು. "ಬಯಲು ತಿನ್ನೋರು ಯಾರು ಅಂತ ಮಣ್ಣ ಹೇಳ್ತು. ಇನ್ನೇನು ಬೇಕ್ರೆಪಾ?"

ಜನ ಮತ್ತೆ ನಕ್ಕರು. ನಲವತ್ತಾರು ವರ್ಷ ನಡೆದ ನೆಲ, ನನ್ನ ಅವ್ವ ನಡೆದ ನೆಲ, ನನ್ನನ್ನು ಕಳ್ಳಿ ಎಂದು ಕೂಗುತ್ತಿತ್ತು. ಓಡಿಹೋಗಿ ಚಪ್ಪಲಿ ಮೆಟ್ಟಿಕೊಂಡು ಮನೆಯ ಬಾಗಿಲು ಹಾಕಿಕೊಳ್ಳಬೇಕು ಅನಿಸಿತು. ಮಣ್ಣಿಗೆ ನಾನು ಅಂಥದ್ದೇನು ಮಾಡಿದ್ದೆ ಎಂದು ಸಿಟ್ಟೂ ಬಂತು. ಏನು ಮಾಡಿದ್ದೆನೋ ಅದು ನನಗೆ ಗೊತ್ತಿತ್ತು. ಅದು ಕೂಗಿಕೊಂಡಾಗ ಮೂಗು ಕಟ್ಟಿಕೊಂಡು ತಿರುವಿದ್ದೆ. ಮೂರು ದಿನವಾದರೂ ಆ ಕೂಗು ನನ್ನ ಮೈಗೆ ಹತ್ತಿಕೊಂಡೇ ಇತ್ತೇನೋ. ಮಣ್ಣು ತಪ್ಪು ಹೇಳಿರಲಿಲ್ಲ. ಅದು ತಪ್ಪು ಹೇಳಿಲ್ಲ ಎಂದು ಹೊಳೆದದ್ದೇ ತಡ, ಉಳಿದದ್ದೂ ಹೊಳೆಯಿತು. ನಾನು ಓಡಲಿಲ್ಲ, ಅಲ್ಲೇ ಕಾಲೂರಿ ನಿಂತೆ.

"ಖರೆ ಐತ್ರಿ," ಎಂದೆ. ನಗು ಇನ್ನೂ ನಿಂತಿರಲಿಲ್ಲ, ಅದಕ್ಕೆ ಗಂಟಲು ಹರಿಯುವಂತೆ ಕೂಗಬೇಕಾಯಿತು. "ಖರೆ ಐತಿ! ತಿಂದೀನಿ ನಾನು. ಒಂದು ಚೀಲ ತಿಂದೀನಿ. ಮಣ್ಣು ಸುಳ್ಳು ಹೇಳಿಲ್ಲ. ಈಗ ನನಗೊಂದು ಮಾತು ಹೇಳ್ರಿ ಅಧ್ಯಕ್ಷರ. ನಾ ಹುರಿದಿದ್ದು ನಿಮ್ಮ ಮನೀ ಕುಂಡದ ಮಣ್ಣಾಗಿದ್ರ, ಈ ಬಯಲಿಗೆ ನನ್ನ ಮ್ಯಾಲ ಯಾಕ ಸಿಟ್ಟು?"

ನಗು ಅಲ್ಲಿಗೆ ಕಡಿಯಿತು. ಯಮನೂರಪ್ಪ ಕೊಡೆಯನ್ನು ಅಧ್ಯಕ್ಷರ ತಲೆಯಿಂದ ಆಚೆ ಹಿಡಿದುಬಿಟ್ಟಿದ್ದ, ಅವರ ಬೋಳುತಲೆಗೆ ಬಿಸಿಲು ಬಿದ್ದಿತ್ತು.

"ಹೋದ ಸೋಮವಾರದ ತನಕ ಈ ನೆಲ ನನಗ ಒಂದಿನ ಕಮಟು ಬಿಟ್ಟಿಲ್ಲ, ಈ ಹತ್ತು ಭಟ್ಟಿ ಹೆಣ್ಮಕ್ಕಳು ಸಾಕ್ಷಿ ಅದಾರ. ಒಂದು ಚೀಲ ತಿಂದೋಳ್ನ ಮೂರು ಹೆಜ್ಜಿಗೆ ಹಿಡೀತು. ಇಡೀ ಬಯಲು ತಿನ್ನಾಕ ಬಂದೋರು ಅಲ್ಲೇ ನಿಂತಾರ. ಉಮಾಪತೆಪ್ಪಾರ, ಬೂಟು ಬಿಡ್ರಿ."

ಉಮಾಪತೆಪ್ಪ ತಮ್ಮ ಬೂಟನ್ನು ನೋಡಿಕೊಂಡರು. ಬಗ್ಗಿದರು ಕೂಡ, ಲೇಸಿನ ತನಕ ಕೈ ಹೋಯಿತು, ಹಾಗೇ ವಾಪಸು ಬಂತು. "ನನಗ ಶುಗರ್ ಐತಿ," ಎಂದರು. "ಬರಿಗಾಲಿಲೆ ಅಡ್ಡಾಡಬ್ಯಾಡ ಅಂದಾರ ಡಾಕ್ಟರು."

"ಹರಿವಾಣದಾಗ ನಿಂತಾಗ ಶುಗರ್ ಇರಲಿಲ್ಲೇನ್ರಿ?" ಎಂದಳು ದಾಕ್ಷಾಯಣಿ, ಸೆರಗಿನೊಳಗಿನಿಂದಲೇ.

ಕಂಡಕ್ಟರ ಗೊಳ್ಳನೆ ನಕ್ಕುಬಿಟ್ಟ. ಪರ ಊರಿನವನು, ಅವನಿಗೆ ಯಾರ ಭಯ? ಗದಿಗೆಪ್ಪಜ್ಜ ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗೆ ಸಿಕ್ಕಿಸಿದ. "ಕಾಲು ಗುಣ ಆದ ಮ್ಯಾಲ ಕರೀರಿ," ಎಂದು ಕೋಲೂರುತ್ತಾ ಮನೆಯ ದಾರಿ ಹಿಡಿದ. ಬೂಟಿನ ಲೇಸು ಹಾಗೇ ಇತ್ತು. ಉಮಾಪತೆಪ್ಪ ಮತ್ತೆ ಯಾವತ್ತೂ ಅದನ್ನು ಬಿಚ್ಚಲು ನಮ್ಮ ಬಯಲಿಗೆ ಬರಲಿಲ್ಲ. ಕಲ್ಯಾಣ ಮಂಟಪ ಕೊನೆಗೆ ಬಸ್ ನಿಲ್ದಾಣದ ಹಿಂದಿನ ಕಲ್ಲುನೆಲದಲ್ಲಿಯೇ ಎದ್ದಿತು.

ಬಯಲು ಉಳಿಯಿತು. ಆದರೆ ನ್ಯಾಯ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಪುರಸಭೆಯವರು ಆ ದಿನದ ನಡಾವಳಿ ಬರೆದಿದ್ದನ್ನು ಗುಮಾಸ್ತನೇ ನನಗೆ ಓದಿ ಹೇಳಿದ. ಯಾರು ಚೀಲ ಕಳಿಸಿದರು ಎಂಬುದಿಲ್ಲ, ಯಾರು ಬೂಟು ಬಿಚ್ಚಲಿಲ್ಲ ಎಂಬುದೂ ಇಲ್ಲ. ಬಯಲಿನ ಮಣ್ಣು ಭಟ್ಟಿ ಫಕ್ಕೀರವ್ವ ಎಂಬ ಹೆಣ್ಣುಮಗಳ ಮೇಲೆ ತಕರಾರು ಮಾಡಿರುತ್ತದೆ, ಇಷ್ಟೇ ಬರೆದಿದ್ದಾರೆ. ಉಮಾಪತೆಪ್ಪ ಕಾಲಿಡಲಿಲ್ಲ, ಆದ್ದರಿಂದ ಅವರ ಮೇಲೆ ತಕರಾರಿಲ್ಲ. ಈ ಊರು ಹುಟ್ಟಿದಾಗಿನಿಂದ ಆ ಬಯಲನ್ನು ತಿಂದವಳು ಎಂದು ಕಾಗದದಲ್ಲಿ ಒಂದೇ ಹೆಸರಿದೆ, ನನ್ನದು. ನನ್ನ ಹೆಸರನ್ನು ಹೊಡೆದುಹಾಕಿ ಎಂದು ನಾನು ಕೇಳಲಿಲ್ಲ. ಅದು ಇರಬೇಕಾದ್ದೇ. ಉಳಿದವರದನ್ನು ಅದರ ಕೆಳಗೆ ಬರೆಯಿರಿ ಎಂದು ಕೇಳಿದೆ, ಈಗಲೂ ತಿಂಗಳಿಗೊಮ್ಮೆ ಹೋಗಿ ಕೇಳುತ್ತೇನೆ. ಭಟ್ಟಿಗೆ ಬೀಗ ಹಾಕುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ, ಹಾಕಿದರೆ ಚೀಲದ ಮಾತು ಮತ್ತೆ ಏಳುತ್ತದಲ್ಲ.

ನನ್ನ ಭತ್ತವನ್ನು ಈಗ ಮಾಬೂಬಕ್ಕ ತಿರುವುತ್ತಾಳೆ. ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು, ಮಾತು ಬಿಟ್ಟೇ ತಿರುವಿದಳು. ನಾನು ಭತ್ತದ ಬುಟ್ಟಿಯನ್ನು ರಸ್ತೆಯ ಅಂಚಿನ ತನಕ ಹೊತ್ತು ತಂದು ಇಳಿಸುತ್ತೇನೆ. ಅಲ್ಲಿಂದ ಮುಂದಕ್ಕೆ ನನಗೆ ಹೋಗುವಂತಿಲ್ಲ. ಹೋದರೆ ಹನ್ನೊಂದು ಭಟ್ಟಿಯ ಭತ್ತವೂ ಕೆಡುತ್ತದೆ. ಬಯಲಿನ ತುಂಬ ಹೆಂಗಸರು ಕಾಲೆಳೆಯುತ್ತಾ, ಹರಟೆ ಹೊಡೆಯುತ್ತಾ ನಡೆಯುವುದನ್ನು ಹೊರಗೆ ನಿಂತು ನೋಡುವುದಿದೆಯಲ್ಲ, ಅದನ್ನು ನನ್ನ ಶತ್ರುವಿಗೂ ಬಯಸೆನು. ಇಲ್ಲ, ಶತ್ರುವಿಗೆ ಬಯಸುತ್ತೇನೆ. ಅವರಿಗೆ ಮಾತ್ರ ಅದು ಯಾಕೋ ತಟ್ಟುವುದೇ ಇಲ್ಲ.

ದಿನಾ ಬೆಳಿಗ್ಗೆ ಭತ್ತ ಹರವುವ ಮೊದಲು ನಾನು ಒಂದು ಚಪ್ಪಲಿ ಬಿಟ್ಟು, ಒಂದೇ ಒಂದು ಕಾಲನ್ನು ಅಂಚಿನ ಮಣ್ಣಿನ ಮೇಲಿಡುತ್ತೇನೆ. ಕಮಟು ಬಂದರೆ ಎದೆ ಕುಸಿಯುತ್ತದೆ. ಆದರೆ ಒಂದು ದಿನ ಬರದಿದ್ದರೆ? ಮಣ್ಣು ನನ್ನನ್ನು ಕ್ಷಮಿಸಿದೆ ಎಂದುಕೊಳ್ಳಲೋ, ನಾನಿಲ್ಲದ ಹೊತ್ತಿನಲ್ಲಿ ಯಾರೋ ಇದನ್ನೂ ಮುಗಿಸಿದ್ದಾರೆ ಎಂದುಕೊಳ್ಳಲೋ? ಅದು ಹೇಗೆ ತಿಳಿಯಬೇಕು ಎಂದು ನನಗೆ ಯಾರೂ ಕಲಿಸಿಲ್ಲ. ನಿನ್ನೆಯೂ ಕಾಲಿಟ್ಟೆ. ಮಾಬೂಬಕ್ಕ ಭತ್ತ ಇನ್ನೂ ಹರವದ ಬಯಲಿನಲ್ಲಿ ನಿಂತು, ನನ್ನ ಕಡೆ ತಿರುಗದೆ ಕೇಳಿದಳು.

"ಬಂತ?"

"ಬಂತು," ಎಂದೆ.

"ಬರ್ಲಿ," ಎಂದಳು. "ಇನ್ನೂ ಜೀವಂತ ಐತಿ."